ಬಾಣಂತಿ ಮೂರ್ತಪ್ಪ

ನಮ್ಮಪ್ಪನಿಗೆ ಒಂದು ಚಾಳಿ ಇತ್ತು. ಮನೆ ಬಾಗಿಲಿಗೆ ಯಾರೇ ಬರಲಿ, ಬಂದ ಕೆಲಸ ಏನೆಂದು ಕೇಳುವ ಮೊದಲೇ "ನೀರು ಕುಡೀತೀರಾ?" ಎನ್ನುತ್ತಿದ್ದ. ಬಳೆಗಾರನಿಗೆ ನೀರು, ಅಂಚೆಯವನಿಗೆ ನೀರು, ಜಗಳಕ್ಕೆ ಬಂದವನಿಗೂ ನೀರು. ಒಂದು ಚೊಂಬು ತಣ್ಣೀರು ಗಟಗಟ ಕುಡಿದವನು ಆಮೇಲೆ ಎಲ್ಲಿಂದ ಜಗಳ ಆಡಿಯಾನು? ಭದ್ರಾವತಿಯ ಕಾರ್ಖಾನೆ ಕೆಲಸಗಾರರ ಮನೆಗಳ ಲೈನಿನಲ್ಲಿ ನಮ್ಮ ಮನೆಯ ಜಗಲಿಯ ಮೇಲೆ ಮಾತ್ರ ಒಂದು ಮಣ್ಣಿನ ಹರಿವಿ, ಅದರ ಮೇಲೊಂದು ಚೊಂಬು ಸದಾ ಕೂತಿರುತ್ತಿತ್ತು. ಅದನ್ನು ತುಂಬಿಸುವ ಕೆಲಸ ನನ್ನದು. ಬೀದಿ ನಲ್ಲಿಯಿಂದ ಕೊಡ ಹೊತ್ತು ತರುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಊರಿಗೆಲ್ಲ ಕುಡಿಸಲು ನಾವೇನು ಅರವಟ್ಟಿಗೆ ಇಟ್ಟಿದ್ದೇವೆಯೇ ಎಂದು ಅವ್ವನ ಮುಂದೆ ಗೊಣಗುತ್ತಿದ್ದೆ. ಬೇರೆ ಯಾವುದಕ್ಕಾದರೂ ಸರಿ, ಎದುರು ಮಾತಾಡಿದರೆ ತಲೆಗೊಂದು ಮೊಟಕುವ ಅವ್ವ ಈ ಒಂದು ವಿಷಯಕ್ಕೆ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ.

ನೀರಿನದು ಹಾಗಿರಲಿ, ನನ್ನನ್ನು ಅದಕ್ಕಿಂತ ಹೆಚ್ಚು ಸುಡುತ್ತಿದ್ದುದು ಅಪ್ಪನ ಹೆಸರು. ಲೈನಿಗೆ ಬಂದು ಮೂರ್ತಪ್ಪನ ಮನೆ ಎಲ್ಲಿ ಎಂದರೆ ಯಾವ ಮೂರ್ತಪ್ಪ ಎಂದು ಕೇಳುತ್ತಿದ್ದರು. ಬಾಣಂತಿ ಮೂರ್ತಪ್ಪ ಎಂದರೆ ಮಕ್ಕಳೂ ಬೆರಳು ಮಾಡಿ ತೋರಿಸುತ್ತಿದ್ದವು. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರಬೇಕಾದಷ್ಟು ಎತ್ತರದ ಆಳು, ಹುರಿ ಮೀಸೆ, ಕಾರ್ಖಾನೆಯ ಫರ್ನೇಸಿನಲ್ಲಿ ಕೆಲಸ. ಕರಗಿದ ಕಬ್ಬಿಣ ಹೊರಗೆ ಹರಿಯುವಾಗ ಅದಕ್ಕೆ ಮರಳಿನಲ್ಲಿ ದಾರಿ ಮಾಡಿಕೊಡುವ ಗುಂಪಿನವನು. ಅಂಥವನಿಗೆ ಬಾಣಂತಿ ಎಂದು ಹೆಸರು! ಶಾಲೆಯಲ್ಲಿ ಒಬ್ಬ ನನ್ನನ್ನು "ಬಾಣಂತಿ ಮಗಳು ಬಂದ್ಲು" ಎಂದದ್ದಕ್ಕೆ ಸ್ಲೇಟಿನಿಂದ ಅವನ ಹಣೆ ಒಡೆದು ಬಂದೆ. ಮೇಷ್ಟ್ರು ಹೇಳಿಕಳಿಸಿದರು. ಅಪ್ಪ ಹೋಗಿ ತಪ್ಪಾಯಿತು ಎಂದು ಕೈಮುಗಿದು, ನನ್ನನ್ನು ಕರೆದುಕೊಂಡು ವಾಪಸು ಬಂದ.

"ನಿಂಗೆ ಸಿಟ್ಟು ಬರಲ್ವಾ ಅಪ್ಪಾ? ಎಲ್ರೂ ಹಂಗೆ ಆಡ್ಕಂತಾರೆ" ಎಂದೆ ದಾರಿಯಲ್ಲಿ.

"ಆಡ್ಕೊಳ್ಲಿ ಬಿಡವ್ವ" ಎಂದ. ಸ್ವಲ್ಪ ದೂರ ನಡೆದ ಮೇಲೆ, "ಅವರು ಹಂಗೆ ಕರೆದಾಗ ನಮ್ಮ ಕೂಸು ಒಂದಿತ್ತು ಅಂತ ಯಾರೋ ನೆಪ್ಪು ಮಾಡ್ಕಂಡಂಗೆ ಆಗ್ತದೆ ನಂಗೆ" ಎಂದ.

ಯಾವ ಕೂಸು ಎಂದು ಕೇಳಿದೆ. ಅಪ್ಪ ಬಿರಬಿರನೆ ಮುಂದೆ ನಡೆದ. ಅವ್ವನನ್ನು ಕೇಳುವ ಧೈರ್ಯ ನನಗಿರಲಿಲ್ಲ. ಪಕ್ಕದ ಮನೆಯ ಕಾಶಮ್ಮನನ್ನು ಕೇಳಿದೆ. ಕಾಶಮ್ಮನ ಬಾಯಿ ತೆರೆಸುವುದೇನೂ ಕಷ್ಟವಲ್ಲ, ಮುಚ್ಚಿಸುವುದೇ ಕಷ್ಟ. ಆದರೆ ಆವತ್ತು ಅವಳು ಕೇರುತ್ತಿದ್ದ ಮೊರವನ್ನು ಕೆಳಗಿಟ್ಟು, ನಡುನಡುವೆ ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತಾ ಹೇಳಿದಳು. ಉಳಿದಷ್ಟನ್ನು ಮುಂದೆ ಅಪ್ಪನ ಬಾಯಿಂದಲೇ ಚೂರುಚೂರಾಗಿ ಕೇಳಿದೆ.

ನಾನು ಹುಟ್ಟುವುದಕ್ಕೆ ಮೂರು ನಾಲ್ಕು ವರ್ಷ ಮುಂಚಿನ ಮಾತು. ಕಾರ್ಖಾನೆ ಆಗ ಇನ್ನೂ ಹೊಸದು. ಅವ್ವನ ಹೆಸರು ನಂಜಮ್ಮ, ತವರು ಕುಂಸಿ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಅದು ನಮ್ಮಲ್ಲಿ ಬಿಡದ ಪದ್ಧತಿ. ಸೀಮಂತ ಮುಗಿಸಿ ಅವಳನ್ನು ಕರೆದೊಯ್ಯಲು ಕುಂಸಿಯಿಂದ ಗಾಡಿ ಬರುವುದಿತ್ತು. ಗಾಡಿ ಬರುವ ಮೊದಲೇ, ಏಳು ತಿಂಗಳು ತುಂಬುವ ಹೊತ್ತಿಗೆ, ನೋವು ಬಂತು. ಲೈನಿನ ಮನೆಯಲ್ಲೇ ಹೆರಿಗೆಯಾಯಿತು. ಕೂಸನ್ನು ಹಿಡಿದವಳು ಕಾಶಮ್ಮ.

"ಹೆಣ್ಣುಕೂಸು. ನಿಮ್ಮಪ್ಪನ ಎರಡು ಅಂಗೈ ಕೂಡಿಸಿದ್ರೆ ಅದರೊಳಗೇ ಹಿಡೀತಿತ್ತು. ಮೈಮೇಲೆ ನರ ಎಲ್ಲ ಕಾಣ್ತಿತ್ತು. ಅಳು ಪಕ್ಕದಲ್ಲಿ ಕೂತೋರಿಗೇ ಸರಿಯಾಗಿ ಕೇಳ್ತಿರ್ಲಿಲ್ಲ ಕಣೇ" ಎಂದಳು ಕಾಶಮ್ಮ. ಆ ಕೂಸಿನ ಮೈ ಸುಮ್ಮನೆ ತಣ್ಣಗಾಗುತ್ತಿತ್ತಂತೆ. ಎಷ್ಟು ಸುತ್ತಿದರೂ ತಣ್ಣಗೆ. ಕಾಶಮ್ಮನಿಗೆ ಏನು ಮಾಡಬೇಕೋ ತೋಚಲಿಲ್ಲ. ತೋಚಿದ್ದು ಅಪ್ಪನಿಗೆ.

ಕಾರ್ಖಾನೆಯ ಹಿಂದೆ ಒಡೆದ ಬೆಂಕಿ ಇಟ್ಟಿಗೆ ರಾಶಿ ಬಿದ್ದಿರುತ್ತಿತ್ತು. ಕುಲುಮೆಯ ಒಳಮೈಗೆ ಕಟ್ಟುವ ಇಟ್ಟಿಗೆ ಅದು. ಒಮ್ಮೆ ಕಾದರೆ ಬಹಳ ಹೊತ್ತು ಬಿಸಿ ಹಿಡಿದಿಡುತ್ತದೆ. ಅಪ್ಪ ಕೇಳಿಕೊಂಡು ನಾಲ್ಕು ತುಂಡು ತಂದ. ಒಲೆಯಲ್ಲಿ ಕಾಯಿಸಿ, ಹಳೆ ಕಂಬಳಿ ಹರಿದು ಸುತ್ತಿ, ಮೊದಲು ತನ್ನ ಕೆನ್ನೆಗೆ ಒತ್ತಿ ನೋಡಿ, ಆಮೇಲೆ ಕೂಸು ಮಲಗಿದ ಮೊರದ ಎರಡೂ ಬದಿಗೆ ಇಟ್ಟ. ಎರಡು ಆರುವಷ್ಟರಲ್ಲಿ ಇನ್ನೆರಡು ಒಲೆಯಲ್ಲಿರುತ್ತಿದ್ದವು. ಗಂಡಸು ಬಾಣಂತಿ ಕೋಣೆಯ ಹೊಸಿಲು ದಾಟುವ ಹಾಗಿಲ್ಲ. ಅಪ್ಪ ದಾಟಿದ. ಮೊಲೆ ಹಿಡಿದು ಚೀಪುವ ಶಕ್ತಿ ಕೂಸಿಗಿರಲಿಲ್ಲ. ಮೊದಲ ದಿನದ ಹಳದಿ ಹಾಲನ್ನು ಕೆಟ್ಟದ್ದೆಂದು ಕಾಶಮ್ಮ ಹಿಂಡಿಸಿ ಚೆಲ್ಲಿಸಿದ್ದಳು, ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು. ಆಮೇಲೆ ಬಿಳಿ ಹಾಲು ಇಳಿಯಿತು. ಅವ್ವ ಒಳಲೆಗೆ ಹಿಂಡಿ ಕೊಡುತ್ತಿದ್ದಳು. ಒಳಲೆಯಿಂದ ಹೊಯ್ದರೆ ನೆತ್ತಿಗೆ ಹತ್ತುತ್ತಿತ್ತು. ಅದಕ್ಕೆ ಅಪ್ಪ ಹತ್ತಿಯ ಬತ್ತಿ ಹೊಸೆದು, ಹಾಲಿನಲ್ಲಿ ಅದ್ದಿ, ಕೂಸಿನ ತುಟಿಗೆ ಮುಟ್ಟಿಸುತ್ತಿದ್ದ. ಒಂದೊಂದೇ ತೊಟ್ಟು. ಕಬ್ಬಿಣದ ಸಲಾಕೆ ಹಿಡಿದು ಒರಟಾದ ಕೈ ಬತ್ತಿ ಹಿಡಿದಾಗ ಅಲುಗುತ್ತಿರಲಿಲ್ಲವಂತೆ.

ಅಪ್ಪ ಪಾಳಿಯ ನಡುವೆ ಮನೆಗೆ ಓಡಿಬರುವುದು, ಓಡಿಹೋಗುವುದು ನಡೆಯಿತು. ಜೊತೆಯವನಾದ ಭೈರಪ್ಪ ಒಂದು ದಿನ, "ಏನ್ ಮಾರಾಯ, ಮನೇಲಿ ಬಾಣಂತಿ ಯಾರು, ನಿನ್ ಹೆಂಡ್ತಿಯೋ ನೀನೋ?" ಎಂದ.

"ನಾನೇ ಅಂತ ತಿಳ್ಕೋ ಮಾರಾಯ. ಸ್ವಲ್ಪ ನನ್ ಜಾಗದಲ್ಲಿ ನಿಂತ್ಕೋ, ಬಂದ್ಬಿಡ್ತೀನಿ" ಎಂದು ಅಪ್ಪ ಓಡಿದ. ಫರ್ನೇಸಿನವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಸರು ಹುಟ್ಟಿದ್ದು ಹೀಗೆ. ಅಪ್ಪನೂ ನಕ್ಕನಂತೆ. ಆಗ ನಗುವುದಕ್ಕೆ ಕಾರಣವಿತ್ತು, ಏಕೆಂದರೆ ಕೂಸು ತೊಟ್ಟು ತೊಟ್ಟೇ ಕುಡಿದು ಬಣ್ಣ ತುಂಬಿಕೊಳ್ಳುತ್ತಿತ್ತು. ಬತ್ತಿ ತುಟಿಗೆ ತಾಗಿದರೆ ಬಾಯಿ ತೆರೆಯಲು ಕಲಿತಿತ್ತು.

ಅಷ್ಟರಲ್ಲಿ ಸುದ್ದಿ ಮುಟ್ಟಿ ಕುಂಸಿಯಿಂದ ಕಾಳಮ್ಮಜ್ಜಿ ಬಂದಳು. ಅವ್ವನ ತಾಯಿ. ಕಾಶಮ್ಮನಿಗೆ ಹಗುರವಾಯಿತು. ತಾಯಿ ಬಂದ ಮೇಲೆ ಇನ್ನೇನು ಚಿಂತೆ?

ಅಜ್ಜಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೆ ಅವಳು ಕೆಟ್ಟವಳೆಂದು ಹೇಳಲು ಬಾಯಿ ಬರುವುದಿಲ್ಲ. ಎಷ್ಟೋ ಹೆಣ್ಣುಮಕ್ಕಳ ಬಾಣಂತನ ಮಾಡಿದ ಕೈ ಅದು. ಬಂದವಳೇ ಕಿಟಕಿಗೆ ಗೋಣಿತಾಟು ತುರುಕಿದಳು, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟಳು, ಬೆಳ್ಳುಳ್ಳಿ ಹುರಿದು ಕೊಟ್ಟಳು, ಮೆಣಸಿನ ಸಾರಿನಲ್ಲಿ ಅನ್ನ ಕಲಸಿ ತುತ್ತಿಟ್ಟಳು. ಮತ್ತೆ ಬಾಣಂತಿಯ ತಲೆದೆಸೆಯಲ್ಲಿ ಕಾಶಮ್ಮ ಇಟ್ಟಿದ್ದ ನೀರಿನ ಚೊಂಬನ್ನು ಎತ್ತಿ ಹೊರಗಿಟ್ಟಳು.

ಹೆರಿಗೆಯ ಸೂತಕ, ಅಂದರೆ ಪುರುಡು, ಹನ್ನೊಂದನೆಯ ದಿನ ಕಳೆಯುವವರೆಗೆ ಬಾಣಂತಿ ನೀರು ಕುಡಿಯುವ ಹಾಗಿಲ್ಲ. ಹಸಿ ಮೈಗೆ ನೀರು ಸೇರಿದರೆ ಬಾವು ಬರುತ್ತದೆ, ಹಾಲಿನ ಮೂಲಕ ಕೂಸಿಗೆ ಶೀತವಾಗುತ್ತದೆ. ಅಜ್ಜಿ ಇದನ್ನು ಎಲ್ಲಿಂದಲೋ ಕೇಳಿ ಬಂದು ಹೇಳುತ್ತಿರಲಿಲ್ಲ. ಅವಳ ಒಡಹುಟ್ಟಿದ ತಂಗಿ ಬಾಣಂತಿಯಾಗಿದ್ದಾಗ ಮೈಯೆಲ್ಲ ಊದಿ, ಅಜ್ಜಿಯ ತೊಡೆಯ ಮೇಲೇ ಸತ್ತಿದ್ದಳು. ಕದ್ದು ನೀರು ಕುಡಿದಿದ್ದಳು ಎಂದು ಮನೆಯವರೆಲ್ಲ ಹೇಳಿದ್ದರು. ಅಂದಿನಿಂದ ಅಜ್ಜಿಗೆ ಬಾಣಂತಿಯ ಕೋಣೆಯಲ್ಲಿ ನೀರು ಕಂಡರೆ ಹಾವು ಕಂಡಷ್ಟು ಭಯ. ತೀರ ಬಾಯಿ ಒಣಗಿದರೆ ಕಾದಾರಿದ ನೀರು ಒಂದು ಒಳಲೆ. ಕೂಸಿಗೆ ಹಾಲು ಹಾಕುವ ಒಳಲೆಯಲ್ಲೇ ತಾಯಿಗೂ ಅಳತೆ.

ಮುಚ್ಚಿದ ಕೋಣೆ, ಮಂಚದ ಕೆಳಗೆ ಕೆಂಡ, ಪಕ್ಕದಲ್ಲಿ ಅಪ್ಪನ ಕಾದ ಇಟ್ಟಿಗೆ. ಕೂಸಿಗೆ ಅದು ಬೇಕಿತ್ತು. ಅವ್ವ ಅದರ ಪಕ್ಕದಲ್ಲೇ ಬೆವರಿ ಒಣಗುತ್ತಿದ್ದಳು. ಇಟ್ಟಿಗೆ ಬದಲಿಸಲು ಒಳಗೆ ಬಂದ ಅಪ್ಪನ ಕೈ ಹಿಡಿದು, "ಒಂದ್ ಗುಟುಕು ನೀರು ತಂದ್ಕೊಡ್ರಿ, ನಿಮ್ ದಮ್ಮಯ್ಯ" ಎಂದಳು.

ಬಾಯಾರಿಕೆ ಎಂದರೆ ಏನೆಂದು ಅಪ್ಪನಿಗಿಂತ ಚೆನ್ನಾಗಿ ಬಲ್ಲವರು ಭದ್ರಾವತಿಯಲ್ಲೇ ಇದ್ದಿರಲಾರರು. ಫರ್ನೇಸಿನ ಮುಂದೆ ನಿಲ್ಲುವವರು ಕೊಡಗಟ್ಟಲೆ ನೀರು ಕುಡಿಯುತ್ತಾರೆ, ಕುಡಿಯದಿದ್ದರೆ ಕಣ್ಣು ಕತ್ತಲೆ ಬಂದು ಬೀಳುತ್ತಾರೆ. ಅದೆಲ್ಲ ಗೊತ್ತಿದ್ದೂ ಅಪ್ಪ, "ಅತ್ತೆ ಬೈತಾರೆ ಕಣೆ. ಇನ್ನು ನಾಕು ದಿನ ತಡ್ಕೋ" ಎಂದ. ಅಳಿಯನಾದವನು ಅತ್ತೆಯ ಎದುರು ನಿಂತು ಮಾತಾಡುವುದೇ ನಮ್ಮಲ್ಲಿ ಇಲ್ಲ. ಬಾಣಂತನ ಹೆಂಗಸರ ರಾಜ್ಯ. ಹೊಸಿಲು ದಾಟಿದ್ದೇ ದೊಡ್ಡದಾಗಿತ್ತು. ಅದರ ಮೇಲೆ ಅತ್ತೆಯ ಮಾತನ್ನೂ ದಾಟಲು ಅವನಿಗೆ ಆಗಲಿಲ್ಲ.

ಹಾಲು ಕಡಿಮೆಯಾಯಿತು. ಒಳಲೆ ತುಂಬುತ್ತಿದ್ದುದು ಅರ್ಧಕ್ಕೆ ನಿಂತಿತು, ಆಮೇಲೆ ತಳ ಮಾತ್ರ ಒದ್ದೆಯಾಗುತ್ತಿತ್ತು. ಅಜ್ಜಿ ಇನ್ನಷ್ಟು ಬೆಳ್ಳುಳ್ಳಿ ತಿನ್ನಿಸಿದಳು, ದೃಷ್ಟಿ ತೆಗೆದಳು. ಹಸುವಿನ ಹಾಲಿಗೆ ನೀರು ಬೆರೆಸಿ ಬತ್ತಿಯಲ್ಲಿ ಕೊಟ್ಟರು. ಕೂಸು ಕಕ್ಕಿತು. ಬಂದಿದ್ದ ಬಣ್ಣ ಇಳಿಯಿತು, ತೊಡೆಯ ತೊಗಲು ಸಡಿಲಾಯಿತು. ಬತ್ತಿ ತಾಗಿದರೆ ಬಾಯಿ ತೆರೆಯುವುದನ್ನು ಅದು ಮರೆಯುತ್ತಾ ಬಂತು.

ಅಪ್ಪ ತಡೆಯಲಾರದೆ ಪಾಳಿ ತಪ್ಪಿಸಿ ರೈಲು ಹತ್ತಿ ಶಿವಮೊಗ್ಗಕ್ಕೆ ಹೋದ. ಅಲ್ಲೊಬ್ಬರು ಲೇಡಿ ಡಾಕ್ಟರು ಇದ್ದಾರೆಂದು ಯಾರೋ ಹೇಳಿದ್ದರು. ಬಾಗಿಲಲ್ಲಿ ಬಹಳ ಹೊತ್ತು ಕಾದ ಮೇಲೆ ಅವರು ಕರೆದು ಕೇಳಿದರು. ಅಪ್ಪ ಎಲ್ಲ ಹೇಳಿದ. ಇಟ್ಟಿಗೆಯ ವಿಷಯ ಕೇಳಿ, "ಒಳ್ಳೇ ಕೆಲ್ಸ ಮಾಡಿದೀಯ" ಎಂದರಂತೆ. ತಾಯಿ ಮಗು ಇಬ್ಬರನ್ನೂ ಕರೆದುಕೊಂಡು ಬಾ ಎಂದರು. ಪುರುಡು ಕಳೆಯದೆ ಹೊರಗೆ ತರುವ ಹಾಗಿಲ್ಲ ಎಂದ ಅಪ್ಪ. ಅವರು ಹಣೆ ಚಚ್ಚಿಕೊಳ್ಳಲಿಲ್ಲ ಅಷ್ಟೆ. ಹಾಗಾದರೆ ತಾಯಿಗೆ ಏನು ಕೊಡುತ್ತೀರಿ ಎಂದು ಒಂದೊಂದೇ ಕೇಳುತ್ತಾ ಬಂದು ನೀರಿನ ಹತ್ತಿರ ನಿಂತರು.

"ರೈತರ ಮನೆಯವನು ಅಂತೀಯಲ್ಲಯ್ಯ. ಹಸುವಿಗೆ ನೀರು ತೋರಿಸ್ದೆ ಹಾಲು ಕರೀತೀಯೇನು? ಅವಳಿಗೆ ಹೊಟ್ಟೆ ತುಂಬ ನೀರು ಕೊಡು. ಇವತ್ತೇ ಕೊಡು. ಆ ಮಗುವಿಗೆ ಅವರಮ್ಮನ ಹಾಲು ಬಿಟ್ರೆ ಬೇರೆ ಔಷಧಿ ಇಲ್ಲ."

ಇದನ್ನು ಅಪ್ಪ ನನಗೆ ತಾನೇ ಹೇಳಿದ್ದು. "ಸ್ಟೇಷನ್ನಿಗೆ ಬಂದವನೇ ನಲ್ಲಿಗೆ ಬಾಯಿಟ್ಟು ಕುಡಿದೆ ಕಣವ್ವ. ಬೆಳಗಿನಿಂದ ಏನೂ ಕುಡಿದಿರ್ಲಿಲ್ಲ. ಕುಡೀತಾ ಕುಡೀತಾ ನಿಮ್ಮವ್ವನ ಮುಖ ಕಣ್ಮುಂದೆ ಬಂತು" ಎಂದು ನಿಲ್ಲಿಸಿದ. ಅದರಾಚೆಗೆ ಅವನು ನನಗೆ ಯಾವತ್ತೂ ಏನೂ ಹೇಳಲಿಲ್ಲ. ಮುಂದಿನದು ಕಾಶಮ್ಮ ಹೇಳಿದ್ದು.

ಸಂಜೆ ಮನೆಗೆ ಬಂದ ಅಪ್ಪ ಕಾಲೂ ತೊಳೆಯದೆ ಒಂದು ಚೊಂಬು ನೀರು ಬಗ್ಗಿಸಿಕೊಂಡು ಕೋಣೆಯ ಕಡೆ ಹೊರಟ. ಅಜ್ಜಿ ಬಾಗಿಲಲ್ಲಿ ಕೂತಿದ್ದಳು. ಅಪ್ಪ ತಲೆ ತಗ್ಗಿಸಿಯೇ ಡಾಕ್ಟರು ಹೇಳಿದ್ದನ್ನು ಹೇಳಿದ. ಅಜ್ಜಿ ಜಗಳವಾಡಲಿಲ್ಲ, ಬೈಯಲೂ ಇಲ್ಲ. ಎದ್ದು ನಿಂತು ಎರಡೂ ಕೈ ಜೋಡಿಸಿದಳು.

"ಅಳಿಯಂದ್ರೇ, ನನ್ ತಂಗೀನ ಹಿಂಗೇ ಕಳ್ಕಂಡೆ. ಮಗಳನ್ನೂ ಕಳ್ಕಂಬೇಕಾ ನಾನು? ನಾಳೆ ಒಂದ್ ದಿನ ಕಳೆದ್ರೆ ನಾಡಿದ್ದು ಪುರುಡು ಕಳೀತದೆ. ತಲೆಗೆ ನೀರು ಹಾಕಿದ ಮೇಲೆ ನಾನೇ ನನ್ ಕೈಯಾರ ಕುಡಿಸ್ತೀನಿ. ಒಂದ್ ದಿನ ತಡೀರಿ."

ಕೈ ಮುಗಿದು ನಿಂತ ಅತ್ತೆ. ಒಳಗೆ ಹೆಂಡತಿ. ಕೊಟ್ಟ ಮೇಲೆ ನಿಜವಾಗಿಯೂ ಮೈ ಊದಿ ಅವಳೂ ಹೋದರೆ? ಅಪ್ಪ ಅಲ್ಲಿ ನಿಂತೇ ಇದ್ದನಂತೆ. ಆಮೇಲೆ ಚೊಂಬನ್ನು ಬಾಗಿಲ ಪಕ್ಕದಲ್ಲಿ ನೆಲದ ಮೇಲಿಟ್ಟು, ಇಟ್ಟಿಗೆ ಕಾಯಿಸಲು ಒಲೆಯ ಮುಂದೆ ಹೋಗಿ ಕೂತ. ಒಳಗಿನಿಂದ ಅವ್ವನಿಗೆ ಚೊಂಬಿಟ್ಟ ಸದ್ದು ಕೇಳಿಸಿತ್ತೆಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ಮಾರನೆಯ ದಿನ ಮಧ್ಯಾಹ್ನ ಅಪ್ಪ ಪಾಳಿಯ ನಡುವೆ ಓಡಿಬಂದು ಬತ್ತಿ ಅದ್ದಿ ಕೂಸಿನ ತುಟಿಗೆ ಮುಟ್ಟಿಸಿದ. ಬಾಯಿ ತೆರೆಯಲಿಲ್ಲ. ಇಟ್ಟಿಗೆಯ ಬಿಸಿಗೆ ಮೈ ಇನ್ನೂ ಬೆಚ್ಚಗೇ ಇದ್ದುದರಿಂದ, ಅದು ಹೋಗಿದೆ ಎಂದು ಯಾರಿಗೂ ಗೊತ್ತಾಗಿರಲಿಲ್ಲ.

ಹೊಳೆಯ ಕಡೆ ಮಣ್ಣು ಮಾಡಿದರು. ಪುರುಡು ಕಳೆಯದ ಕೂಸಿಗೆ ಹೆಸರಿಟ್ಟಿರಲಿಲ್ಲ, ಕೂಸು ಎಂದೇ ಹೋಯಿತು. ಅದರ ಮರುದಿನ ಶಾಸ್ತ್ರದ ಪ್ರಕಾರ ಅವ್ವನ ತಲೆಗೆ ನೀರು ಹಾಕಿದರು. ಅಜ್ಜಿ ಮಾತಿಗೆ ತಪ್ಪದೆ ತನ್ನ ಕೈಯಾರ ಚೊಂಬು ಹಿಡಿದು ಕುಡಿಸಿದಳು. ಅವ್ವ ಕುಡಿದಳು, ಮತ್ತೆ ಕೇಳಿದಳು, ಮತ್ತೆ ಕುಡಿದಳು. ಮೈ ಊದಲಿಲ್ಲ. ಒಂದೆರಡು ದಿನ ಕಳೆಯುವಷ್ಟರಲ್ಲಿ ಎದೆ ಬಿಗಿದು, ಹಾಲು ತಾನಾಗಿ ಇಳಿದು ರವಿಕೆ ತೊಯ್ದು ಸೆರಗಿಗೆ ಹರಡಿತು. ಅದನ್ನು ನೋಡಿದ ಅಜ್ಜಿ ಗೋಡೆಗೆ ತಲೆ ಚಚ್ಚಿಕೊಂಡಳು. ಹಿಡಿದುಕೊಳ್ಳಲು ಕಾಶಮ್ಮನೇ ಬರಬೇಕಾಯಿತು. ಅವ್ವ ಮಾತ್ರ ಅಳಲಿಲ್ಲ. ಹಾಲನ್ನು ಒಳಲೆಗೆ ಹಿಂಡಿ, ಹಿತ್ತಿಲಿಗೆ ಹೋಗಿ, ಯಾರೂ ತುಳಿಯದ ಕಡೆ ಚೆಲ್ಲಿ ಬರುತ್ತಿದ್ದಳು.

ಅಪ್ಪ ಆ ನಾಲ್ಕು ಇಟ್ಟಿಗೆಗಳನ್ನು ಕಂಬಳಿಯಲ್ಲಿ ಕಟ್ಟಿಕೊಂಡು ಹೋಗಿ ರಾಶಿಗೆ ಹಾಕಿದ. ಅಲ್ಲಿ ಸಿಕ್ಕ ಭೈರಪ್ಪನಿಗೆ ಸುದ್ದಿ ಗೊತ್ತಿರಲಿಲ್ಲ. "ಏನ್ ಬಾಣಂತಿ, ಕೂಸು ಹೆಂಗೈತೆ?" ಎಂದ.

"ಮಲಗೈತೆ" ಎಂದ ಅಪ್ಪ.

ತಿಳಿದ ಮೇಲೆ ಭೈರಪ್ಪ ಮನೆಗೆ ಬಂದು ಅಪ್ಪನ ಕೈ ಹಿಡಿದು ಅತ್ತ. ಇನ್ನು ಮುಂದೆ ಯಾರೂ ಹಾಗೆ ಕರೆಯಕೂಡದೆಂದು ಎಲ್ಲರಿಗೂ ತಾಕೀತು ಮಾಡಿದ. ಆದರೆ ಬಾಯಿ ತಪ್ಪಿ ಯಾರಾದರೂ ಬಾಣಂತಿ ಎಂದು ಕೂಗಿದರೆ ಅಪ್ಪ ತಟ್ಟನೆ ಓ ಎನ್ನುತ್ತಿದ್ದ. ಬರೀ ಮೂರ್ತಪ್ಪ ಎಂದರೆ ನಿಧಾನಕ್ಕೆ ತಿರುಗುತ್ತಿದ್ದ. ಹೀಗಾಗಿ ಹೆಸರು ನಿಂತುಬಿಟ್ಟಿತು. ನಾನು ಹುಟ್ಟಿದ್ದು ಕುಂಸಿಯಲ್ಲಿ, ತಿಂಗಳು ತುಂಬಿ, ಗುಂಡುಕಲ್ಲಿನ ಹಾಗೆ. ನಾನು ಹುಟ್ಟಿದಾಗಿನ ಬಾಣಂತನದಲ್ಲಿ ಅಜ್ಜಿ ನೀರಿನ ಮಾತೇ ಎತ್ತಲಿಲ್ಲವಂತೆ. ಕೊಡಲೂ ಇಲ್ಲ, ತಡೆಯಲೂ ಇಲ್ಲ, ಬಾಗಿಲ ಕಡೆ ಬೆನ್ನು ಮಾಡಿ ಕೂತುಬಿಡುತ್ತಿದ್ದಳು. ನನಗೆ ಬುದ್ಧಿ ಬರುವ ಮೊದಲೇ ತೀರಿಕೊಂಡಳು. ಅವ್ವ ಅಪ್ಪನ ಜೊತೆ ಸಂಸಾರ ಮಾಡಿದಳು, ಬುತ್ತಿ ಕಟ್ಟಿದಳು, ಸುಟ್ಟ ಗಾಯಕ್ಕೆ ಎಣ್ಣೆ ಹಚ್ಚಿದಳು. ಜಗಲಿಯ ಹರಿವಿಯನ್ನು ಮಾತ್ರ ಒಂದು ದಿನವೂ ಮುಟ್ಟಲಿಲ್ಲ.

ನನ್ನನ್ನು ಮಲವಗೊಪ್ಪಕ್ಕೆ ಕೊಟ್ಟರು. ಬೇಸಾಯದ ಮನೆ, ಒಳ್ಳೆಯ ಜನ. ಎರಡನೆಯ ಮಹಾಯುದ್ಧ ಮುಗಿದ ಮೇಲಿನ ವರ್ಷಗಳಲ್ಲಿ ನನ್ನ ಚೊಚ್ಚಲ ಹೆರಿಗೆ ಅದೇ ಲೈನಿನ ಮನೆಯಲ್ಲಿ, ಅದೇ ಕೋಣೆಯಲ್ಲಿ ಆಯಿತು. ಗಂಡುಕೂಸು. ತಿಂಗಳು ತುಂಬಿತ್ತು, ಆದರೂ ಸಣ್ಣದು. ನೋಡಲು ಬಂದ ನಮ್ಮತ್ತೆ ಮೊಮ್ಮಗನನ್ನು ಎತ್ತಿಕೊಂಡು ಮುದ್ದಾಡಿ, ಕೆಳಗಿಟ್ಟವಳೇ ಅವ್ವನಿಗೆ, "ಬೀಗಿತ್ತಿ, ಕೂಸು ಬಲ ಇಲ್ಲ. ಪುರುಡು ಕಳೆಯೋ ತನಕ ನೀರು ಗೀರು ಕೊಟ್ಟೀರಾ, ಶೀತ ಆದೀತು, ಜ್ವಾಕೆ" ಎಂದಳು. ಅವ್ವನ ಮುಖ ನೋಡಿದೆ. ಗಂಡಿನ ಕಡೆಯವರ ಮಾತು. ಅವ್ವ ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ, "ಹೂಂ" ಎಂದಳು.

ಅಪ್ಪ ಹೊರಗೆ ಜಗಲಿಯ ಮೇಲಿದ್ದ. ಹರಿವಿಯಿಂದ ನೀರು ಬಗ್ಗಿಸುವ ಸದ್ದು ನನಗೆ ಕೇಳಿಸಿತು. ಆಮೇಲೆ ತಲೆ ಬಗ್ಗಿಸಿ ಹೊಸಿಲು ದಾಟಿ ಒಳಗೆ ಬಂದ. "ಅಯ್ಯೋ, ಗಂಡಸ್ರು ಒಳಗೆ ಬರ್ತಾರಾ!" ಎಂದು ನಮ್ಮತ್ತೆ ಸೆರಗು ಹೊದ್ದುಕೊಂಡು ಎದ್ದು ನಿಂತಳು. ಅಪ್ಪ ಅವಳ ಕಡೆ ನೋಡಲಿಲ್ಲ. ಮಂಚದ ಪಕ್ಕ ಕೂತು ಚೊಂಬನ್ನು ನನ್ನ ಕೈಗೆ ಕೊಟ್ಟ.

"ಕುಡಿ ಮಗಳೇ. ಪೂರ್ತಿ ಕುಡಿ" ಎಂದ.

ಕುಡಿದೆ. ನಮ್ಮತ್ತೆ ಗೊಣಗುತ್ತಾ ಹೊರಗೆ ಹೋದಳು. ನಾನು ಚೊಂಬು ಕೆಳಗಿಟ್ಟಾಗ ಅವ್ವ ಗೋಡೆಗೆ ಒರಗಿ ಅಪ್ಪನನ್ನೇ ನೋಡುತ್ತಿದ್ದಳು. ಇಪ್ಪತ್ತು ವರ್ಷಕ್ಕೂ ಮೇಲೆ ಆ ಕೂಸಿನ ಬಗ್ಗೆ ಒಂದು ಮಾತಾಡದವಳು ಅವತ್ತು ಮಾತಾಡಿದಳು.

"ಬಾಗಿಲ ತಂಕ ತಂದಿದ್ರಿ. ಇಟ್ಟಿದ್ದು ಕೇಳಿಸ್ತು ನಂಗೆ. ಅವತ್ತು ಒಳಗೆ ಬರಬಾರದಿತ್ತಾ?"

ಅಪ್ಪ ಖಾಲಿ ಚೊಂಬನ್ನು ಎತ್ತಿಕೊಂಡು ಎದ್ದ. ಹೊರಗೆ ಹೋಗಿ ಇನ್ನೊಮ್ಮೆ ತುಂಬಿಸಿಕೊಂಡು ಬಂದು, ಈ ಸಲ ಅವ್ವನ ಮುಂದೆ ಹಿಡಿದ. ಅವ್ವ ಬಹಳ ಹೊತ್ತು ಕೈ ಚಾಚಲಿಲ್ಲ. ಆಮೇಲೆ ತೆಗೆದುಕೊಂಡಳು. ಎರಡು ಗುಟುಕು ಕುಡಿದವಳು ಚೊಂಬನ್ನು ಎದೆಗೆ ಅವುಚಿಕೊಂಡು ನೆಲಕ್ಕೆ ಕುಸಿದು, ಆ ಕೂಸಿಗಾಗಿ ಮೊದಲ ಸಲ ಗಟ್ಟಿಯಾಗಿ ಅತ್ತಳು. ಅಪ್ಪ ಪಕ್ಕದಲ್ಲಿ ನಿಂತೇ ಇದ್ದ.